ಮೆಟ್ಟಿಲ ಕೆಳಗಿನ ಜಾವಾ

ದುಮ್ಯಾತ್, ಈಜಿಪ್ಟ್
20 ಅಕ್ಟೋಬರ್ 2022, ಗುರುವಾರ

ಚಿರಂಜೀವಿ ರಾಫತ್‌ಗೆ ಅಣ್ಣ ಸಬ್ರಿಯ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಮೊದಲು ಅದನ್ನೇ ಕೇಳುತ್ತೇನೆ. ಆರೋಗ್ಯ ವಿಚಾರಿಸದೆ ವಿಷಯಕ್ಕೆ ಇಳಿದರೆ ಅಮ್ಮ ಗೋರಿಯೊಳಗಿಂದಲೂ ಬೈಯುತ್ತಾಳೆ. ನೀನು ಮಾತು ತುಂಬಿಸಿ ಕಳಿಸಿದ ಕೊನೆಯ ಕ್ಯಾಸೆಟ್ಟಿನಲ್ಲಿ ನಿನಗೆ ಕೆಮ್ಮಿತ್ತು. ಬಾಗ್ದಾದಿನ ಬಡಗಿಗಳು ಬಾಗಿಲು ಮುಚ್ಚಿಕೊಂಡು ಮರ ಉಜ್ಜುತ್ತಾರೆ, ಧೂಳು ಹೊರಗೆ ಹೋಗುವುದೇ ಇಲ್ಲ ಎಂದಿದ್ದೆ. ಆ ಕೆಮ್ಮು ವಾಸಿಯಾಯಿತೆ? ಆಗ ನಿನಗೆ ಇಪ್ಪತ್ತೆಂಟು. ಈಗ ಅರವತ್ತು ದಾಟಿರಬೇಕು, ಮೊಣಕಾಲು ಹಿಡಿದುಕೊಳ್ಳುವ ವಯಸ್ಸು. ಅಪ್ಪನಿಗೂ ಅಲ್ಲಿಂದಲೇ ಶುರುವಾದದ್ದು. ನನಗೆ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದು ಬಾಕಿ. ಶಾಲೆಯ ಗ್ರಂಥಾಲಯದ ಕೆಲಸ ಎಂದೋ ಮುಗಿಯಿತು, ಓದುವುದು ಮುಗಿದಿಲ್ಲ. ನಿನ್ನ ಹೆಂಡತಿ ಇನ್ಸಾಫ್ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಎಂದರೆ, ಮೇಲಿನ ಕೋಣೆಯಲ್ಲಿ ಕೂತು ಇವತ್ತಿಗೂ ಅಂಗಡಿಗಳವರ ಕುರ್ಚಿಗಳಿಗೆ ಗಾದಿ ಹೊಲಿಯುತ್ತಾಳೆ, ಇವತ್ತಿಗೂ ನನ್ನ ಉಪ್ಪು ಚೀಸನ್ನು ಬಚ್ಚಿಡುತ್ತಾಳೆ. ದುಮ್ಯಾತಿನಲ್ಲಿ ಹುಟ್ಟಿ ಬೆಳೆದವನಿಗೆ ಉಪ್ಪು ಚೀಸ್ ಬೇಡ ಎಂದು ಹೇಳುವ ವೈದ್ಯನನ್ನು ಯಾವ ಕಾಲೇಜು ಪಾಸು ಮಾಡಿತೋ ತಿಳಿಯದು.

ಈಗ ವಿಷಯ. ರಂಜಾನ್ ಕಳೆದ ಮೇಲೆ ನಗರಸಭೆಯವರು ಬಂದು ನಮ್ಮ ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಅಡ್ಡಗೆರೆ ಬಳಿದು ಹೋದರು. ನಮ್ಮ ಮನೆಗೆ ಮಾತ್ರವಲ್ಲ, ಬೀದಿಯ ಎರಡೂ ಸಾಲಿಗೆ. ಮೇಲ್ಸೇತುವೆ ಬರುತ್ತದಂತೆ. ಈ ಬೀದಿಗೆ ಒಳಚರಂಡಿ ಬರುತ್ತದೆ ಎಂದು ಒಬ್ಬ ಗವರ್ನರ್ ಭಾಷಣ ಮಾಡಿದ್ದನ್ನು ನಾನು ಚಡ್ಡಿ ಹಾಕಿಕೊಂಡು ಕೇಳಿದ್ದೆ. ಅದು ಬಂದದ್ದು ನನಗೆ ಕೂದಲು ಉದುರಿದ ಮೇಲೆ. ಆದರೆ ಒಡೆಯುವ ಕೆಲಸಕ್ಕೆ ಮಾತ್ರ ಇವರ ಗಡಿಯಾರ ಯಾವತ್ತೂ ಸರಿಯಾಗಿ ನಡೆಯುತ್ತದೆ. ಪತ್ರಿಕೆಗೆ ಬರೆದೆ. ನಗರದ ಅಭಿವೃದ್ಧಿಯನ್ನು ಯಾರೂ ವಿರೋಧಿಸುವುದಿಲ್ಲ ಎಂಬ ನನ್ನ ಮೊದಲ ಸಾಲನ್ನು ಅಚ್ಚುಹಾಕಿ, ಅದರ ಮುಂದಿನ ‘ಆದರೆ’ಯಿಂದ ಹಿಡಿದು ಕೊನೆಯವರೆಗೆ ಎಲ್ಲವನ್ನೂ ಕಿತ್ತುಹಾಕಿದರು, ಕೆಳಗೆ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದರು. ಇದೇ ಪತ್ರಿಕೆ ನೀನು ಇರಾಕಿಗೆ ಕೆಲಸಕ್ಕೆ ಹೊರಟಾಗ ನಿಮ್ಮನ್ನೆಲ್ಲ ದೇಶ ಕಟ್ಟುವವರು ಎಂದು ಕರೆದಿತ್ತು. ಅಲ್ಲಿಂದ ವಿಮಾನದಲ್ಲಿ ನಮ್ಮವರ ಶವಪೆಟ್ಟಿಗೆಗಳು ಇಳಿಯತೊಡಗಿದ ವರ್ಷ ನೀವೆಲ್ಲ ಒಳಪುಟಕ್ಕೆ ಸರಿದಿರಿ. ಕೊಲ್ಲಿ ಯುದ್ಧ ಶುರುವಾಗಿ ಜನ ಹಡಗು ಹಡಗಾಗಿ ನುವೈಬಾ ಬಂದರಿಗೆ ಬಂದಿಳಿದಾಗ ನಾನು ನಿನ್ನ ಮದುವೆಯ ಫೋಟೋ ಹಿಡಿದು ಕಟಕಟೆಯ ಬಳಿ ನಿಂತಿದ್ದೆ. ಇಳಿದವರೆಲ್ಲ ತಲೆಯ ಮೇಲೆ ಕಂಬಳಿ ಹೊತ್ತಿದ್ದರು, ಒಬ್ಬರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಮರೆತಿದ್ದೇನೆ ಎಂದು ಯಾರೂ ತಿಳಿಯಬಾರದು.

ಮನೆ ಹೋಗುವುದಕ್ಕೆ ಬದಲಾಗಿ ನಮಗೆ ಹೊಸ ದುಮ್ಯಾತಿನಲ್ಲಿ, ಸಮುದ್ರದ ಕಡೆಗೆ, ಐದನೇ ಮಹಡಿಯಲ್ಲಿ ಒಂದು ಫ್ಲ್ಯಾಟು ಕೊಡುತ್ತಾರೆ. ಅಲ್ಲಿ ಒಂದೇ ಥರದ ಕಟ್ಟಡಗಳು ಸಾಲಾಗಿ ನಿಂತಿವೆ. ಹೋಗಿ ನೋಡಿ ಬಂದ ದಿನ ನಮ್ಮದು ಯಾವುದು ಎಂದು ನಾನೇ ಎರಡು ಸಲ ತಪ್ಪಿದೆ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನೀನು ಬಂದರೆ ಎಲ್ಲಿಗೆ ಬರುತ್ತೀ? ಬೀದಿ ಇರುವುದಿಲ್ಲ. ಬೀದಿಯವರೂ ಇರುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಡೆ ಕೊಟ್ಟಿದ್ದಾರೆ. ಸೇತುವೆಯ ಕಂಬದ ಕೆಳಗೆ ನಿಂತು ಯಾರನ್ನು ಕೇಳುತ್ತೀ? ಆಗ ಹೊಳೆದದ್ದು ನಿನ್ನ ಜಾವಾ ಮೋಟಾರ್‌ಸೈಕಲ್ಲು. ಅದನ್ನು ಹೊಸ ಕಟ್ಟಡದ ಗೇಟಿನ ಪಕ್ಕ ನಿಲ್ಲಿಸಿದರೆ, ಈ ಊರಿನಲ್ಲಿ ಎಲ್ಲಿ ಅಲೆದರೂ ಒಂದಲ್ಲ ಒಂದು ದಿನ ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಟ್ಯಾಂಕಿನ ಮೇಲೆ ಅಮ್ಮನ ಕೈಗುರುತು ಇರುವ ಗಾಡಿ ಇಡೀ ಈಜಿಪ್ಟಿನಲ್ಲಿ ಇನ್ನೊಂದಿಲ್ಲ. ಆದರೆ ಆ ಗೇಟಿನ ಕಾವಲುಗಾರ ಮನೆ ನೋಡಲು ಬಂದವರಿಗೆಲ್ಲ ಮೊದಲೇ ಹೇಳಿಬಿಟ್ಟಿದ್ದ. ಲೈಸೆನ್ಸ್ ಇಲ್ಲದ, ಓಡದ ಗಾಡಿಯನ್ನು ಅಲ್ಲಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಟ್ರಾಫಿಕ್‌ನವರು ಎತ್ತಿಕೊಂಡು ಹೋಗಿ ಸಮುದ್ರದ ದಂಡೆಯ ಮೈದಾನದಲ್ಲಿ ಒಗೆಯುತ್ತಾರೆ, ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಉಪ್ಪುಗಾಳಿ ಅದನ್ನು ತಿಂದು ಮುಗಿಸುತ್ತದೆ. ಹಾಗಾಗಿ ಗಾಡಿ ಓಡಬೇಕು, ಲೈಸೆನ್ಸ್ ಆಗಬೇಕು. ಇಷ್ಟೇ ನನ್ನ ಯೋಜನೆ. ಎಪ್ಪತ್ತರ ಮುದುಕನಿಗೆ ಇದಕ್ಕಿಂತ ದೊಡ್ಡ ಯೋಜನೆ ಬೇಕಿರಲಿಲ್ಲ.

ಮೆಟ್ಟಿಲ ಕೆಳಗಿನ ಗೂಡಿನ ಹಲಗೆ ಕಿತ್ತಾಗ ಮೊದಲು ಸುರಿದದ್ದು ಮರದ ಪುಡಿ. ನೆಲಮಹಡಿಯ ಬಡಗಿ ಕಾರ್ಖಾನೆಯಿಂದ ಅಷ್ಟು ವರ್ಷ ಹಾರಿಬಂದದ್ದೆಲ್ಲ ಅಲ್ಲೇ ಕೂತಿತ್ತು. ಹೊಟ್ಟಿನ ರಾಶಿಯೊಳಗಿಂದ ಎಮ್ಮೆಯನ್ನು ಎಬ್ಬಿಸಿದಂತೆ ನಿನ್ನ ಗಾಡಿಯನ್ನು ಎಳೆಯಬೇಕಾಯಿತು. ಎರಡೂ ಟೈರು ಬಿರಿದು ನೆಲಕ್ಕೆ ಅಂಟಿದ್ದವು. ವೈರುಗಳನ್ನೆಲ್ಲ ಇಲಿ ತಿಂದಿತ್ತು, ಹೆಡ್‌ಲೈಟಿನ ಬಟ್ಟಲಲ್ಲಿ ಸಂಸಾರ ಮಾಡಿ ಬಿಟ್ಟು ಹೋದ ಗುರುತಿತ್ತು. ನೀನು ಕುರ್ಚಿಯ ಚೌಕಟ್ಟುಗಳನ್ನು ಹೇರುತ್ತಿದ್ದ ಪಕ್ಕದ ಸೈಡ್‌ಕಾರ್ ತೊಟ್ಟಿಯ ತಳ ಪೂರ್ತಿ ಹೋಗಿದೆ, ಅದನ್ನು ಬಿಚ್ಚಿಸಿಬಿಟ್ಟೆ. ಕಾಲಿನ ಲಿವರ್ ಒತ್ತಿದರೆ ಎಂಜಿನ್ ಒಳಗೆ ಏನೂ ಅಲುಗುತ್ತಿರಲಿಲ್ಲ, ಗೋಡೆಯನ್ನು ತುಳಿದ ಹಾಗಾಗುತ್ತಿತ್ತು. ಮೂಲೆಮನೆಯ ಶಲಬಿಯನ್ನು ಕರೆಸಿದೆ. ನೀನಿದ್ದಾಗ ಗಾಳಿಪಟದ ಹಿಂದೆ ಓಡುತ್ತಿದ್ದ ಶಲಬಿಯೇ. ಈಗ ಅವನಿಗೆ ಹೊಟ್ಟೆ ಬಂದಿದೆ, ಮೊಮ್ಮಗಳು ಬಂದಿದ್ದಾಳೆ, ಮೆಕ್ಯಾನಿಕ್ ಅಂಗಡಿಯಿದೆ. ಅವನ ಅಂಗಡಿಗೂ ಕೆಂಪು ಗೆರೆ ಬಿದ್ದಿದೆ. ಗಾಡಿ ನೋಡಿದವನೇ ಸೊಂಟದ ಮೇಲೆ ಕೈಯಿಟ್ಟು, “ಮೇಷ್ಟ್ರೇ, ನಾನು ಜಾವಾ ಹೊಟ್ಟೇಲೇ ಹುಟ್ಟಿದೋನು, ನೀವು ಚಿಂತೆ ಬಿಡಿ. ರಾಫತ್ ಮಾಮನ ಗಾಡಿ ಅಂದ್ರೆ ಸುಮ್ನೇನಾ, ದೇವರು ಅವರನ್ನ ಕರುಣಿಸ್ಲಿ,” ಎಂದ.

ಇನ್ಸಾಫ್ ಆಗಷ್ಟೇ ಟೀ ತಟ್ಟೆ ಹಿಡಿದು ಇಳಿಯುತ್ತಿದ್ದಳು. ಆ ಮಾತು ಕೇಳಿ ನಡುಮೆಟ್ಟಿಲಲ್ಲೇ ತಿರುಗಿ, ತಟ್ಟೆಯ ಸಮೇತ ಮೇಲೆ ಹೋದಳು. ಶಲಬಿ ನನ್ನ ಮುಖ ನೋಡಿದ. ಅದು ಸತ್ತವರ ಹೆಸರಿನ ಮುಂದೆ ಹೇಳುವ ಮಾತು, ಈ ಮನೆಯಲ್ಲಿ ರಾಫತನ ಹೆಸರಿನ ಮುಂದೆ ಯಾರೂ ಅದನ್ನು ಹೇಳಿಲ್ಲ, ಅಮ್ಮ ಸಾಯುವಾಗಲೂ ಹೇಳಗೊಡಲಿಲ್ಲ ಎಂದು ಪಿಸುಗುಟ್ಟಿದೆ. ಶಲಬಿ ಮೆಟ್ಟಿಲ ಬುಡಕ್ಕೆ ಹೋಗಿ ಕತ್ತು ಎತ್ತಿ, “ಕ್ಷೇಮವಾಗಿ ಬರ್ಲಿ ಇನ್ಸಾಫಮ್ಮ, ಇವತ್ತೇ ಬರ್ಲಿ, ಈಗ್ಲೇ ಬರ್ಲಿ. ನನ್ನ ನಾಲಿಗೇಗೂ ಹೊಟ್ಟೇಗೂ ಸಂಬಂಧ ಇಲ್ಲ, ಟೀ ಇಳಿಸಮ್ಮ,” ಎಂದು ಗೋಗರೆದ. ಟೀ ಬಂತು. ಆರಿ ನೀರಾಗಿತ್ತು.

ಜಾವಾದ ಹೊಟ್ಟೆಯಲ್ಲಿ ಹುಟ್ಟಿದವನ ಕೆಲಸ ನೋಡಬೇಕಿತ್ತು ನೀನು. ಪ್ಲಗ್ಗು ಬಿಚ್ಚಿ ಎರಡೂ ಸಿಲಿಂಡರಿಗೆ ಸೀಮೆಎಣ್ಣೆ ಸುರಿದು ಒಂದು ವಾರ ಬಿಟ್ಟ, ಅಷ್ಟು ಸರಿ. ಆಮೇಲೆ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಪಿಸ್ಟನ್ ಬಿಡಿಸಿದ, ಅದೂ ಸರಿ. ಕಾರ್ಬುರೇಟರ್ ತೊಳೆದು ಜೋಡಿಸುವಾಗ ಒಳಗಿನ ತೇಲುಗುಂಡನ್ನು ತಲೆಕೆಳಗು ಹಾಕಿದ. ಪೆಟ್ರೋಲೆಲ್ಲ ನನ್ನ ಚಪ್ಪಲಿಯ ಮೇಲೆ ಹರಿಯಿತು. ನಾನು ಹಳೆಯ ಕೈಪಿಡಿಯ ಚಿತ್ರ ತೋರಿಸಿದೆ. “ಪುಸ್ತಕ ಬರ್ದೋನು ಕೈಗೆ ಗ್ರೀಸ್ ಹಚ್ಕೊಂಡಿದ್ದನ್ನ ನೀವು ನೋಡಿದೀರಾ ಮೇಷ್ಟ್ರೇ,” ಎಂದ, ಹೇಳುತ್ತಲೇ ಚಿತ್ರದಲ್ಲಿದ್ದ ಹಾಗೆ ತಿರುಗಿಸಿ ಹಾಕಿದ. ಹೊಸ ವೈರು ಎಳೆದು ಎರಡು ಪ್ಲಗ್ಗುಗಳ ತಂತಿಯನ್ನು ಅದಲುಬದಲು ಮಾಡಿ ಒದ್ದ. ಗಾಡಿ ಸೈಲೆನ್ಸರಿನಿಂದ ಒಂದು ಗುಂಡು ಹಾರಿಸಿತು, ಮೆಟ್ಟಿಲ ಕೆಳಗೆ ಉಳಿದಿದ್ದ ಮರದ ಪುಡಿಯೆಲ್ಲ ಎದ್ದು ನಮ್ಮಿಬ್ಬರನ್ನೂ ಹಿಟ್ಟಿನಲ್ಲಿ ಹೊರಳಿಸಿದ ಮೀನಿನಂತೆ ಮಾಡಿತು. ಬೀದಿಯವರೆಲ್ಲ ಓಡಿಬಂದರು, ಒಡೆಯುವವರು ಬಂದೇಬಿಟ್ಟರು ಎಂದುಕೊಂಡು.

ಒಂದು ವಿಷಯಕ್ಕೆ ಮಾತ್ರ ಅವನ ಮೇಲೆ ನಿಜವಾಗಿ ರೇಗಿದೆ. ಟ್ಯಾಂಕಿಗೆ ಹೊಸ ಬಣ್ಣ ಹೊಡೆಯಲು ಮರಳುಕಾಗದ ತೆಗೆದುಕೊಂಡು ಕೂತಿದ್ದ. ನೀನು ಗಾಡಿ ತಂದ ದಿನ ಅಮ್ಮ ಬಾಗಿಲಲ್ಲಿ ಬಾತುಕೋಳಿ ಕೊಯ್ದು, ದೃಷ್ಟಿಯಾಗದಿರಲಿ ಎಂದು ರಕ್ತದ ಕೈಯನ್ನು ಟ್ಯಾಂಕಿನ ಮೇಲೆ ಒತ್ತಿದ್ದಳಲ್ಲ. ಎಲ್ಲರ ಗಾಡಿಯ ಮೇಲಿನ ಕೈಗುರುತು ಮೊದಲ ಮಳೆಗೆ ತೊಳೆದುಹೋಗುತ್ತದೆ, ನೀನು ಮಾತ್ರ ಹುಚ್ಚು ಬಡಗಿ, ಅದರ ಮೇಲೆ ಸೋಫಾದ ಕಾಲಿಗೆ ಹೊಡೆಯುವ ವಾರ್ನಿಷ್ ಮೂರು ಪದರ ಹೊಡೆದೆ. ಆ ಐದು ಬೆರಳು ಇನ್ನೂ ಹಾಗೇ ಇವೆ, ಹಳೆಯ ತೇಗದ ಬಣ್ಣಕ್ಕೆ ತಿರುಗಿವೆ, ಕಿರುಬೆರಳು ಸ್ವಲ್ಪ ಸೊಟ್ಟ, ಅವಳದು ಹಾಗೇ ಇತ್ತು. ಶಲಬಿ ತುಕ್ಕು ಎಂದುಕೊಂಡು ಹೆಬ್ಬೆರಳಿನ ಅಂಚನ್ನು ಉಜ್ಜಿಯೇಬಿಟ್ಟಿದ್ದ. ನಾನು ಕೈ ಹಿಡಿದೆ. ಇನ್ಸಾಫ್ ಕೆಳಗಿಳಿದು ಬಂದು, ತನ್ನ ಡಬ್ಬಿಯಿಂದ ವಾರ್ನಿಷ್ ತಂದು, ಉಜ್ಜಿದ ಜಾಗಕ್ಕೆ ಹತ್ತಿಯಲ್ಲಿ ಸವರಿದಳು. ಅವಳ ಬೆರಳು ಆ ಗುರುತಿನ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು.

ಗಾಡಿ ಶುರುವಾದದ್ದು ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ. ನೀನು ಮಾಡುತ್ತಿದ್ದ ಹಾಗೆ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದ್ದೆ, ಎರಡನೇ ಒದೆತಕ್ಕೆ ಹತ್ತಿಕೊಂಡಿತು. ನೀಲಿ ಹೊಗೆ, ಅದೇ ಎಣ್ಣೆ ಕಲೆಸಿದ ಪೆಟ್ರೋಲಿನ ವಾಸನೆ, ಅದೇ ತಾಳ. ಬೀದಿಯ ಕಿಟಕಿಗಳೆಲ್ಲ ತೆರೆದವು. ಯಾರೋ ಒಬ್ಬಳು ಮದುವೆಯಲ್ಲಿ ಕೂಗುವ ಹಾಗೆ ನಾಲಿಗೆ ಆಡಿಸಿ ಕೂಗಿದಳು. ಶಲಬಿಯ ಹೆಂಡತಿ ಜಿಲೇಬಿಯಂಥ ಮಶಬ್ಬಕ್ ಹಂಚಿದಳು, ಅದರ ಪಾಕ ಇನ್ನೂ ನನ್ನ ಅಂಗಿಯ ತೋಳಿನ ಮೇಲೆ ಅಂಟಿದೆ. ಇನ್ಸಾಫ್ ಬಾಯಲ್ಲಿ ದಾರ ಕಚ್ಚಿಕೊಂಡೇ ಮೆಟ್ಟಿಲ ಮೇಲೆ ಕೂತಿದ್ದಳು. “ಅವರು ಬರೋ ಸದ್ದು ಇಷ್ಟು ಜೋರಿತ್ತಾ ಭಾವ,” ಎಂದಳು. “ನಂಗೆ ಮೆಲ್ಲಗೆ ಇತ್ತು ಅಂತ ನೆನಪು.” ನಾನು ನಕ್ಕುಬಿಟ್ಟೆ. ಆ ಗಳಿಗೆಯಲ್ಲಿ, ತಮ್ಮಾ, ನೀನು ಬರುತ್ತೀ ಎಂದೇ ನನಗೆ ಅನ್ನಿಸಿತ್ತು. ಪುಸ್ತಕ ಓದಿದವನು ಹೀಗೆಲ್ಲ ಅಂದುಕೊಳ್ಳಬಾರದು, ಆದರೂ ಅನ್ನಿಸಿತು.

ಗಾಡಿಯನ್ನು ಮೂರುಗಾಲಿಯ ಲಗೇಜ್ ಆಟೋದ ಮೇಲೆ ಹೇರಿಕೊಂಡು ಟ್ರಾಫಿಕ್ ಕಚೇರಿಗೆ ಹೋದೆ. ನೀನು ಹೋಗುವ ಮುನ್ನ ನನ್ನ ಹೆಸರಿಗೆ ಮಾಡಿಕೊಟ್ಟ ಮುಖ್ತಿಯಾರ್ ಪತ್ರ ಜೇಬಿನಲ್ಲಿತ್ತು. ನಿನಗೆ ನೆನಪಿರಬೇಕು. ಗಾಡಿಯನ್ನು ಪೂರ್ತಿ ಸಬ್ರಿಯ ಹೆಸರಿಗೇ ವರ್ಗ ಮಾಡಿಬಿಡೋಣ, ಎರಡು ದಿನ ಸಾಲಿನಲ್ಲಿ ನಿಂತರಾಯಿತು ಎಂದು ಅಪ್ಪ ಹೇಳಿದ. “ಎರಡು ದಿನ ಯಾರು ನಿಲ್ತಾರೆ ಅಪ್ಪಾ, ಮುಖ್ತಿಯಾರ್ ಅಂದ್ರೆ ಮಾಲೀಕತನಾನೇ. ಊರೆಲ್ಲ ಹಿಂಗೇ ಓಡಾಡ್ತಿಲ್ವಾ,” ಎಂದೆ ನೀನು. ನಿಜ, ಊರೆಲ್ಲ ಹಾಗೆಯೇ ಓಡಾಡುತ್ತದೆ. ಈ ದೇಶದಲ್ಲಿ ಅರ್ಧ ಗಾಡಿಗಳು ಯಾರ್ಯಾರದೋ ಹೆಸರಿನಲ್ಲಿ, ಯಾರ್ಯಾರದೋ ಮುಖ್ತಿಯಾರಿಯಲ್ಲಿ ಓಡುತ್ತಿವೆ. ವರ್ಗ ಮಾಡಿಸುವ ಸಾಲನ್ನು ಅಷ್ಟು ಉದ್ದ ಮಾಡಿಟ್ಟವರನ್ನು ಯಾರೂ ಕೇಳುವುದಿಲ್ಲ, ಸಾಲಿನಲ್ಲಿ ನಿಲ್ಲದವನಿಗೆ ಮಾತ್ರ ದಂಡ.

ಪರೀಕ್ಷೆ ಮಾಡುವವನು ಗಾಡಿಯ ಸುತ್ತ ಬಂದು “ಕಿಕ್ ಎಲ್ಲಿ ಹಾಜಿ?” ಎಂದು ಹುಡುಕಿದ. ಲಿವರ್ ತಿರುಗಿಸಿ ತೋರಿಸಿ ಶುರುಮಾಡಿದೆ. ಖುಷಿಪಟ್ಟ. ಬ್ರೇಕು, ದೀಪ, ನಂಬರು, ಎಲ್ಲವೂ ಪಾಸು. ಆಮೇಲೆ ಗಾಜಿನ ಹಿಂದಿನ ಅಧಿಕಾರಿ ಕಾಗದ ತಿರುವಿದ. ಮೀಸೆ ಇನ್ನೂ ಗಟ್ಟಿಯಾಗದ ವಯಸ್ಸು, ಒಳ್ಳೆಯ ಮಾತಿನವನೇ. “ಮಾಲೀಕರು ಎಲ್ಲಿ ಹಾಜಿ?” ಪರದೇಶದಲ್ಲಿದ್ದಾನೆ ಎಂದೆ. “ಯಾವಾಗ ಹೋದ್ರು?” ಎಂಬತ್ತೆಂಟರಲ್ಲಿ. ಅವನು ತಲೆ ಎತ್ತಿ ನನ್ನನ್ನು ನೋಡಿದ. “ನಾನಾಗ ಹುಟ್ಟೇ ಇರ್ಲಿಲ್ಲ. ನೋಡಿ ಹಾಜಿ, ಮುಖ್ತಿಯಾರ್ ಕೊಟ್ಟೋರು ಬದುಕಿರೋ ತನಕ ಮಾತ್ರ ಇದು ನಡೆಯತ್ತೆ. ಅವರು ಬದುಕಿದಾರೆ ಅಂತ ಏನಿದೆ?” ನಾನು ಬರೆದುಕೊಡುತ್ತೇನೆ ಎಂದೆ. “ನೀವು ಬರೆದುಕೊಟ್ರೆ ಆಗಲ್ಲ. ಅವರೇ ಬಂದು ಹೇಳ್ಬೇಕು.” ಬರುವ ಹಾಗಿದ್ದರೆ ನಾನೇಕೆ ಬರುತ್ತಿದ್ದೆ ಎಂದೆ. “ಹಂಗಾದ್ರೆ ಇನ್ನೊಂದು ದಾರಿ. ಸತ್ತಿದಾರೆ ಅಂತ ಕೋರ್ಟಿಂದ ತನ್ನಿ, ಹೆಂಡ್ತಿ ಹೆಸರಿಗೆ ಇಲ್ಲೇ ನಿಂತ ನಿಲುವಲ್ಲಿ ಮಾಡಿಕೊಡ್ತೀನಿ. ಗಾಡಿ ಮಾತ್ರ ಚೆನ್ನಾಗಿಟ್ಟಿದೀರ.”

ನಾನು ಆ ಗಾಜಿನ ಮುಂದೆ ಭಾಷಣ ಮಾಡಿದೆ, ರಾಫತ್. ನಿಮ್ಮನ್ನು ಕಳಿಸಿದ ಮಂತ್ರಿಗಳನ್ನು, ನೀವು ಎಷ್ಟು ಜನ ಹೋದಿರಿ ಎಷ್ಟು ಜನ ಬಂದಿರಿ ಎಂದು ಇವತ್ತಿನವರೆಗೆ ಒಂದು ಲೆಕ್ಕ ಕೊಡದ ಇಲಾಖೆಗಳನ್ನು, ನಮ್ಮ ರಾಯಭಾರಿ ಕಚೇರಿಯಿಂದ ಬಂದ ‘ವಿಚಾರಿಸಲಾಗುತ್ತಿದೆ’ ಎಂಬ ಒಂದೇ ಸಾಲಿನ ಉತ್ತರವನ್ನು, ಎಲ್ಲವನ್ನೂ ಹೇಳಿದೆ. ಈ ಸರ್ಕಾರಕ್ಕೆ ನನ್ನ ತಮ್ಮನನ್ನು ಹುಡುಕಲು ಆಗಲಿಲ್ಲ, ಅವನನ್ನು ಕೊಲ್ಲಲು ಮಾತ್ರ ನನ್ನ ಸಹಿ ಬೇಕೇ ಎಂದು ಕೇಳಿದೆ. ಹಿಂದಿದ್ದವರು ಮೊದಲು ತಲೆದೂಗಿದರು, ಆಮೇಲೆ ಗಡಿಯಾರ ನೋಡಿಕೊಂಡರು. ಅಧಿಕಾರಿ ನನಗೆ ಒಂದು ಲೋಟ ನೀರು ಕೊಡಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಇನ್ಸಾಫಳಿಗೆ ಹೇಳದೆ ಮುಚ್ಚಿಡಬೇಕೆಂದಿದ್ದೆ. ಲಗೇಜಿನವನೇ ಬೀದಿಗೆಲ್ಲ ಹೇಳಿಬಿಟ್ಟ. ಹೋದ ತಿಂಗಳು ಒಂದು ದಿನ ಊಟಕ್ಕೆ ಈರುಳ್ಳಿ ತುಂಬಿದ ಬಾತುಕೋಳಿ ಮಾಡಿದ್ದಳು, ಹಬ್ಬವಿಲ್ಲದೆ ಮಾಡುವವಳಲ್ಲ. ತುಂಡು ನನ್ನ ತಟ್ಟೆಗೆ ಹಾಕುತ್ತಾ, “ಭಾವ, ಆ ಅಧಿಕಾರಿ ಹೇಳಿದ್ರಲ್ಲಿ ತಪ್ಪೇನಿದೆ. ನಾನು ಸಹಿ ಹಾಕ್ತೀನಿ,” ಎಂದಳು. ಗಾಡಿ ನಿಲ್ಲಿಸುವುದು ಅವನು ಬಂದಾಗ ಗುರುತು ಹಿಡಿಯಲಿ ಎಂದಲ್ಲವೇ, ಅವನು ಬರುವುದಿಲ್ಲ ಎಂದು ಬರೆದುಕೊಟ್ಟು ಗುರುತು ನಿಲ್ಲಿಸುವುದೇ ಎಂದೆ. “ಅದು ನಂಗೂ ಅರ್ಥ ಆಗತ್ತೆ, ನಾನೇನು ಕುರ್ಚಿಯಲ್ಲ,” ಎಂದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನೀನು ಕೇಳಬೇಕಾದದ್ದು ಅದು. “ಸಾವಿನ ಮನೆಗೆ ಹೋದ್ರೆ ವಿಧವೇರ ಸಾಲಲ್ಲಿ ಕೂರೋ ಹಾಗಿಲ್ಲ, ಮದುವೆ ಮನೇಲಿ ಗಂಡಂದಿರ ವಿಷಯ ಬಂದ್ರೆ ಬಾಯಿ ತೆಗೆಯೋ ಹಾಗಿಲ್ಲ. ಕಪ್ಪು ಉಟ್ರೆ ಯಾಕೆ ಉಟ್ಟೆ ಅಂತಾರೆ, ಬಣ್ಣ ಉಟ್ರೆ ಯಾರಿಗೆ ಉಟ್ಟೆ ಅಂತಾರೆ. ಈ ಬೀದಿಯೋರೆಲ್ಲರ ಮನೇಲೂ ನಾನು ಸಾವಿಗೆ ಕೊಡೋ ಸಕ್ಕರೆ ಇಲ್ದ ಕಾಫಿ ಕುಡ್ದಿದೀನಿ ಭಾವ, ನಮ್ಮನೇಲಿ ಒಬ್ಬರಿಗೂ ಕೊಟ್ಟಿಲ್ಲ. ಅವರನ್ನ ನೋಡಿದೋರು ಇರೋದು ಈ ಬೀದೀಲಿ ಮಾತ್ರ. ಇನ್ನೊಂದು ತಿಂಗಳಿಗೆ ಎಲ್ಲಾ ಚದುರಿಹೋಗ್ತಾರೆ. ಆಮೇಲೆ ನಾನು ಯಾರಿಗೆ ಕಾಫಿ ಮಾಡ್ಲಿ?”

ಅವಳು ತಟ್ಟೆ ತೆಗೆಯುತ್ತಾ ನಿನ್ನ ಹೆಸರು ಹೇಳಿದಳು. ಹೇಳಿ, ದೇವರು ಅವರನ್ನ ಕರುಣಿಸ್ಲಿ ಎಂದಳು. ಬಿಸಿ ಪಾತ್ರೆಯನ್ನು ಮುಟ್ಟಿ ನೋಡುವವರ ಹಾಗೆ ಮೆಲ್ಲಗೆ ಹೇಳಿದಳು. ಅಡಿಗೆಮನೆಗೆ ಹೋದ ಮೇಲೆ ಇನ್ನೊಮ್ಮೆ ಹೇಳಿಕೊಂಡದ್ದು ಕೇಳಿಸಿತು.

ಗಾಡಿ ಈಗ ಬಾಗಿಲ ಒಳಗೆ ನಿಂತಿದೆ. ದಿನಾ ಬೆಳಿಗ್ಗೆ ಒಂದು ಸಲ ಶುರುಮಾಡಿ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಮತ್ತೆ ಹಿಡಿದುಕೊಳ್ಳುತ್ತದೆ ಎನ್ನುತ್ತಾನೆ ಶಲಬಿ. ಅವನು, ಅವನ ಹೆಂಡತಿ, ಬೀದಿಯಲ್ಲಿ ಉಳಿದ ಹಳಬರು ಎಲ್ಲರೂ ನಿನಗೆ ಸಲಾಂ ಹೇಳಿದ್ದಾರೆ. ಹಳೆಯ ವಿಳಾಸಕ್ಕೇ ಹಾಕುತ್ತಿದ್ದೇನೆ; ಹಿಂದಿನ ಪತ್ರಗಳಂತೆ ಇದೂ ತಲುಪದಿರಬಹುದು, ತಿರುಗಿ ಬರದಿರಬಹುದು. ಎಲ್ಲಿದ್ದರೂ ದೇವರು ನಿನ್ನ ತಲೆಯ ಮೇಲೆ ನೆರಳು ಹಿಡಿಯಲಿ, ಆ ಕೆಮ್ಮಿಗೆ ಬಿಸಿನೀರಿಗೆ ಸೋಂಪು ಹಾಕಿ ಕುಡಿ.

ನಿನ್ನ ಅಣ್ಣ,
ಸಬ್ರಿ

ಮರೆತೆ, ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ: ನ್ಯಾಯಾಲಯದಲ್ಲಿ ಇನ್ಸಾಫಳ ಸಹಿ ಒಂದೇ ಸಾಲದಂತೆ. ಇಬ್ಬರು ಗಂಡಸರು ನಿಂತು, ಇವನ ಸುದ್ದಿಯಿಲ್ಲ, ಬದುಕಿದ್ದಾನೆಂಬ ಆಸೆಯೂ ಇಲ್ಲ ಎಂದು ಸಾಕ್ಷಿ ಹೇಳಬೇಕು. ಒಬ್ಬ ಶಲಬಿ. ಇನ್ನೊಬ್ಬ ರಕ್ತಸಂಬಂಧಿಯೇ ಆಗಬೇಕು, ಅಂಥವನು ನಾನೊಬ್ಬನೇ. ಭಾನುವಾರ ಬೆಳಿಗ್ಗೆ ಕರೆದಿದ್ದಾರೆ. ಈ ಪತ್ರ ಭಾನುವಾರದೊಳಗೆ ಬಾಗ್ದಾದ್ ಮುಟ್ಟುವುದಿಲ್ಲ ಎಂದು ನನಗೆ ಯಾರೂ ಹೇಳಬೇಕಿಲ್ಲ. ಆದರೂ ಬರೆಯುತ್ತೇನೆ. ಮನೆ ಇನ್ನೂ ನಿಂತಿದೆ, ಬಾಗಿಲು ಅದೇ. ಅದಕ್ಕೆ ಮೊದಲು ಬಾ. ಇಲ್ಲವೇ ನೇರವಾಗಿ ನ್ಯಾಯಾಲಯಕ್ಕೇ ಬಂದು, ಎಲ್ಲರ ಮುಂದೆ, ನಮ್ಮಣ್ಣ ಸುಳ್ಳು ಹೇಳ್ತಿದಾನೆ ಅನ್ನು. ಬಾರದಿದ್ದರೆ ಹೇಳಿಬಿಡುತ್ತೇನೆ.